ಬಿಷಿಯ ಟೊಳ್ಳು ಬಳೆ

ಜೆರ್ಬಾ ದ್ವೀಪದ ನಮ್ಮ ಅಕ್ಕಸಾಲಿ ಪೇಟೆಯಲ್ಲಿ ಬಿಷಿಯ ಅಂಗಡಿ ನನ್ನ ಅಂಗಡಿಗೆ ಅಂಟಿಕೊಂಡೇ ಇತ್ತು. ಒಳಗೆ ಟೊಳ್ಳಾಗಿರುವ ಅಗಲದ ಬಳೆ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಕಣ್ಣು ಮಾತ್ರ ಮಂಜಾಗುತ್ತಿತ್ತು. ಅದನ್ನು ನನಗೂ ಹೇಳದೆ ಮುಚ್ಚಿಟ್ಟಿದ್ದ.

ಒಂದು ಶುಕ್ರವಾರ, ಸೊಸೆಗೆಂದು ಬಳೆ ಮಾಡಿಸಿದ್ದ ಮಬ್ರೂಕಾಳ ಜೊತೆ ಬಿಷಿ ಚಿನ್ನದ ಮಟ್ಟದ ಮುದ್ರೆ ಹಾಕಿಸಲು ಪರೀಕ್ಷಕ ತಾಹರ್ ಬಳಿ ಹೋದ. ನಾನೂ ಅಲ್ಲೇ ಇದ್ದೆ. ತಾಹರ್ ಬಳೆಯನ್ನು ಮೊದಲು ಹಾಗೇ ತೂಗಿದ. ಆಮೇಲೆ ದಾರದಿಂದ ತಕ್ಕಡಿಗೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದ. ನೀರಿನಲ್ಲಿ ಚಿನ್ನ ಕಳೆದುಕೊಳ್ಳುವ ತೂಕ ಅತಿ ಕಡಿಮೆ. ತಾಮ್ರ ಬೆರೆತಷ್ಟೂ ಅದು ಹೆಚ್ಚುತ್ತದೆ. ಈ ಬಳೆಯ ತೂಕ ನೀರಿನಲ್ಲಿ ತುಂಬ ಇಳಿದಿತ್ತು. ತಾಹರ್‌ನ ಮುಖ ಕಪ್ಪಿಟ್ಟಿತು.

"ಬಿಷಿ, ಇದ್ರಲ್ಲಿ ಅರ್ಧಕ್ಕರ್ಧ ತಾಮ್ರ ಇದೆಯಲ್ಲೋ!"

"ತಾಮ್ರಕ್ಕೆ ಚಿನ್ನದ ನೀರು ಕುಡಿಸಿ ನನ್ನ ತಲೆಗೆ ಕಟ್ತಿದ್ಯಾ?" ಮಬ್ರೂಕಾ ಕೂಗಿದಳು. "ನಾಳೆ ಮದುವೇಲಿ ಬೀಗರ ಮುಂದೆ ಹ್ಯಾಗೆ ತಲೆ ಎತ್ಲಿ?"

ಬಿಷಿ ಕಳ್ಳನಂತೆ ನೆಲ ನೋಡುತ್ತ ನಿಂತ. ಅವನ ಹೆಂಡತಿ ಕಮೂನಾ ಸುದ್ದಿ ಕೇಳಿ ಓಡಿ ಬಂದಳು.

"ಬಾಯಿ ಬಿಡ್ರೀ! ನೀವು ಮೋಸ ಮಾಡೋರಾ?"

"ಮಾಡಿಲ್ಲ ಕಣೇ. ಆದ್ರೆ ನಂಗೆ ಸರಿಯಾಗಿ ಕಾಣ್ಸಲ್ಲ. ಚಿನ್ನ ಕರಗಿಸೋ ಮೂಸೆಗೆ ತಾಮ್ರದ ಚೂರು ಬಿದ್ದಿದ್ರೂ ಗೊತ್ತಾಗ್ತಿರ್ಲಿಲ್ಲ." ಪೇಟೆಯೆಲ್ಲ ಕೇಳುವಂತೆ ಅತ್ತುಬಿಟ್ಟ. ಕುರುಡಾದ ಅಕ್ಕಸಾಲಿಯ ಬಳಿ ಇನ್ನು ಯಾರು ಬರುತ್ತಾರೆ?

ಕಮೂನಾ ಅವನ ತೋಳು ಹಿಡಿದು ಅಲುಗಿಸಿದಳು. "ಹೋಗ್ಲಿ, ಏನೇನು ಮಾಡಿದ್ರಿ ಒಂದೊಂದೇ ಹೇಳಿ."

ಕರಗಿಸಿದೆ, ಬಡಿದೆ, ಎರಡು ಹೋಳು ಬೆಸೆದೆ ಎಂದ. ತಡವರಿಸಿದ. "ತೂತು... ಯಾವಾಗ್ಲೂ ಒಳಗಡೆ ಸಣ್ಣ ತೂತು ಬಿಡ್ತೀನಿ. ಸೋಪಿನ ನೀರು ಸೇರುತ್ತೆ, ಮುಚ್ಚು ಅಂದ್ರು ಈ ಅಮ್ಮಾವ್ರು. ಮುಚ್ಚಿದೆ."

ತಾಹರ್ ತಲೆ ಎತ್ತಿದ. "ಅಂದ್ರೆ ಗಾಳಿ ಒಳಗೇ ಇದೆ! ಅದೇ ನೀರಲ್ಲಿ ಬಳೇನ ಮೇಲಕ್ಕೆ ಎತ್ತಿರ್ಬೇಕು."

"ತೂತು ಮಾಡಿ ಸಾಹೇಬ್ರೆ. ತಾಮ್ರ ಇದ್ರೆ ನನ್ನನ್ನ ಪೇಟೆಯಿಂದ ಓಡ್ಸಿ," ಎಂದ ಬಿಷಿ.

"ಬಳೆ ಹಾಳಾದ್ರೆ?" ಎಂದಳು ಮಬ್ರೂಕಾ. ಆದರೆ ತಡೆಯಲಿಲ್ಲ.

ತಾಹರ್ ಒಳಮೈಯಲ್ಲಿ ಎರಡು ಕಡೆ ಚುಚ್ಚಿ ಮತ್ತೆ ಮುಳುಗಿಸಿದ. ಏನೂ ಆಗಲಿಲ್ಲ. ಬಿಷಿ ಕಣ್ಣು ಮುಚ್ಚಿಕೊಂಡ. ತಾಹರ್ ಬಳೆಯನ್ನು ನೀರೊಳಗೇ ಓರೆ ಮಾಡಿದ. ಗುಳ್ಳೆಗಳು ಬುಳುಬುಳು ಎದ್ದವು. ತಕ್ಕಡಿಯಲ್ಲಿ ಬಳೆ ತೂಗುತ್ತಿದ್ದ ಕಡೆ ಮೆಲ್ಲಗೆ ಇಳಿಯಿತು.

"ಚಿನ್ನಾನೇ," ಎಂದ ತಾಹರ್. "ನೀನು ಹೇಳಿದ ಮಟ್ಟದ್ದೇ."

ಮಬ್ರೂಕಾ ಸೆರಗಿನಿಂದ ಬಳೆ ಒರೆಸಿದಳು. "ಬಿಷಿ, ನಾನೇ ಮುಚ್ಚು ಅಂದಿದ್ದು. ತಪ್ಪಾಯ್ತಪ್ಪ."

ಅಪವಾದ ತೊಳೆದುಹೋಯಿತು. ಕಣ್ಣಿನ ಮಾತು ಮಾತ್ರ ಊರಿಗೆಲ್ಲ ಹಬ್ಬಿತು. ಆ ಮದುವೆಯ ಬಳಿಕ ಅವನ ಅಂಗಡಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವನು ಬೆಸುಗೆಗೆ ಕೂತಾಗ ಕಮೂನಾ ಪಕ್ಕದಲ್ಲಿ ಕೂತು, "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ," ಎನ್ನುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು.