ಸುಳ್ಳು ಪತ್ತೆ ಯಂತ್ರಕ್ಕೆ ಸಹಿ ಹಾಕದ ದೇವಕಿ

ಬೆಳಗಿನ ಆರೂವರೆ. ಮಲೇಷ್ಯಾದಲ್ಲಿ ಆರೂವರೆ ಅಂದರೆ ಇನ್ನೂ ಮಬ್ಬುಗತ್ತಲೆ. ಕ್ಲಾಂಗ್ ಬಂದರಿನ ಕಡೆ ಹೊರಟ ಕಂಟೇನರ್ ಲಾರಿಗಳು ರಸ್ತೆಯನ್ನು ನಡುಗಿಸುತ್ತಿವೆ. ಅಂಗಡಿ ಸಾಲಿನ ಮೂರನೇ ಮಹಡಿಯ ಕೋಣೆಯೊಂದರ ಬೀಗ ತೆಗೆದು ಒಳಗೆ ಬಂದ ದೇವಕಿ ಮೊದಲು ಹುಡುಕುವುದು ಎಸಿಯ ರಿಮೋಟನ್ನು. ಯಾರೋ ಪುಣ್ಯಾತ್ಮರು ಹದಿನೆಂಟಕ್ಕೆ ಇಟ್ಟು ಹೋಗಿದ್ದಾರೆ. ಅದನ್ನು ಇಪ್ಪತ್ತೈದಕ್ಕೆ ಏರಿಸಿ, ರಿಮೋಟನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆಯುತ್ತಾರೆ.

"ಕೈ ತಣ್ಣಗಾದ್ರೆ ಗೆರೆ ಏಳುದಿಲ್ಲ ಮಾರಾಯ್ರೆ. ಗೆರೆ ಏಳದಿದ್ರೆ ಹುಡುಗಿ ಮೋಸ ಮಾಡಿದ್ಳು ಅಂತ ಬರೀತಾರೆ. ಎಸಿ ಮೇಲೆ ಯಾರೂ ಬರೆಯುದಿಲ್ಲ," ಎನ್ನುತ್ತಾರೆ.

ಕೋಣೆಯಲ್ಲಿ ಒಂದು ದಪ್ಪ ಕುರ್ಚಿ, ಒಂದು ಕಂಪ್ಯೂಟರ್, ಅದರಿಂದ ಹೊರಟ ನಾಲ್ಕು ವಯರುಗಳು. ಎದೆಗೊಂದು, ಹೊಟ್ಟೆಗೊಂದು ರಬ್ಬರ್ ಬೆಲ್ಟು. ತೋಳಿಗೆ ಬಿಪಿ ಪಟ್ಟಿ. ಎರಡು ಬೆರಳಿಗೆ ಎರಡು ಲೋಹದ ಪ್ಲೇಟು; ಬೆರಳಿನ ಬೆವರು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ, ಜೋರಾಗಿ ಎದ್ದರೆ ಸುಳ್ಳು, ಅಲುಗದೇ ಇದ್ದರೆ ಮೋಸ. ಇದೇ ಸುಳ್ಳು ಪತ್ತೆ ಯಂತ್ರ. ಗೋದಾಮುಗಳ ಕಾವಲಿಗೆ ಸಹಾಯಕ ಪೊಲೀಸರನ್ನು ಆರಿಸುವ ಮುಂಚೆ ಅಭ್ಯರ್ಥಿಗಳನ್ನು ಇದರ ಮುಂದೆ ಕೂರಿಸುವ ಗುತ್ತಿಗೆ ಈ ಖಾಸಗಿ ಕಂಪನಿಯದು. ಪ್ರಶ್ನೆ ಕೇಳುವವರು ನಿವೃತ್ತ ಪೊಲೀಸ್ ಅಧಿಕಾರಿ ಹಾಶಿಂ. ಗಂಡಸು ಹೆಂಗಸಿನ ಎದೆಗೆ ಬೆಲ್ಟು ಕಟ್ಟುವಂತಿಲ್ಲವಲ್ಲ, ಅದಕ್ಕೆ ದೇವಕಿ ಇದ್ದಾರೆ. ಬೆಲ್ಟು ಕಟ್ಟಬೇಕು, ಮೂಲೆಯಲ್ಲಿ ಕೂರಬೇಕು, ಕೊನೆಗೆ 'ಸಾಕ್ಷಿ' ಅಂತ ಇರುವ ಜಾಗದಲ್ಲಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಯಾವ ಹೆಂಗಸಿನ ಪರೀಕ್ಷೆಯೂ ಊರ್ಜಿತವಲ್ಲ ಎನ್ನುತ್ತದೆ ಕಂಪನಿಯ ನಿಯಮ ಪುಸ್ತಕ.

ದಿನಕ್ಕೆ ಮೂವರು, ವಾರಕ್ಕೆ ನಾಲ್ಕು ದಿನ, ಒಬ್ಬೊಬ್ಬರಿಗೆ ಎರಡು ಗಂಟೆ. ನಾಲ್ಕು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಬೆರಳಿಗೆ ಪ್ಲೇಟು ಕಟ್ಟಿದ್ದಾರೆ ದೇವಕಿ. ಬಾಣಂತನ ಮುಗಿಸಿ ಬಂದವರು, ಉಪವಾಸ ಇದ್ದವರು, ರಾತ್ರಿ ಪಾಳಿ ಮುಗಿಸಿ ನೇರ ಬಂದು ಕುರ್ಚಿಯಲ್ಲೇ ತೂಕಡಿಸಿದವರು. ಇವರಲ್ಲಿ ಒಬ್ಬರ ಹೆಸರೂ ಹಾಶಿಂಗೆ ನೆನಪಿಲ್ಲ. ಕೈ ಕಂಡರೆ ಸಾಕು, ದೇವಕಿಗೆ ಆ ಹೆಂಗಸು ನೆನಪಾಗುತ್ತಾಳೆ.

ಇವತ್ತು ಅವರು ಬೇಗ ಬರಲು ಇನ್ನೊಂದು ಕಾರಣವಿದೆ. ಎಂಟು ಗಂಟೆಗೆ ತೇನ್‌ಮೊಳಿಯ ಮರುಪರೀಕ್ಷೆ. ಈ ಕಂಪನಿಯ ಇತಿಹಾಸದಲ್ಲೇ ಮೊದಲ ಮರುಪರೀಕ್ಷೆ. ಅದನ್ನು ದೇವಕಿ ಯಾರ ಕಾಲೂ ಹಿಡಿಯದೆ, ಜಗಳವಾಡಿ ಗಿಟ್ಟಿಸಿದ್ದಾರೆ.

ತೇನ್‌ಮೊಳಿಗೆ ಇಪ್ಪತ್ತಾರು ವರ್ಷ. ಏಳು ವರ್ಷದಿಂದ ಮೀನು ಪ್ಯಾಕಿಂಗ್ ಶೆಡ್ಡಿನಲ್ಲಿ ಐಸು, ಉಪ್ಪು, ಬ್ಲೀಚಿನ ನೀರಿನಲ್ಲಿ ಕೈಯಾಡಿಸಿದವಳು. ಅಂಗೈ ಬಿರಿದು ಸೀಳಿದೆ. ನೀರಿನ ಕೆಲಸ ಬಿಡದಿದ್ದರೆ ಈ ಕೈ ವಾಸಿಯಾಗುವುದಿಲ್ಲ ಅಂತ ಡಾಕ್ಟರ್ ಹೇಳಿಯಾಗಿದೆ. ಸಹಾಯಕ ಪೊಲೀಸಿನ ಲಿಖಿತ ಪರೀಕ್ಷೆ, ಓಟ, ಸಂದರ್ಶನ ಎಲ್ಲ ಪಾಸು ಮಾಡಿ ಹುಡುಗಿ ಮೂರು ವಾರದ ಹಿಂದೆ ಇಲ್ಲಿಗೆ ಬಂದಿದ್ದಳು. ಕಾಯುತ್ತ ಕೂತಾಗ ಬೆರಳ ಸಂದಿಯಿಂದ ರಕ್ತ ಜಿನುಗುತ್ತಿತ್ತು.

ಮುಂದಿನದನ್ನು ಹೇಳುವಾಗ ದೇವಕಿಯ ದನಿ ಗಟ್ಟಿಯಾಗುತ್ತದೆ. ಸಿಟ್ಟು ತಮ್ಮ ಮೇಲೆಯೇ. "ನನ್ನ ಬ್ಯಾಗಲ್ಲಿ ಯಾವಾಗ್ಲೂ ತೆಂಗಿನೆಣ್ಣೆ ಉಂಟು. ಪಾಪ ಅಂತ ಹಚ್ಚಿದೆ. ಟಿಶ್ಯೂನಲ್ಲಿ ಒರೆಸಿದೆ, ಪ್ಲೇಟು ಕಟ್ಟಿದೆ. ಉಡುಪಿಯಲ್ಲಿ ಆರು ವರ್ಷ, ಇಲ್ಲಿ ಕ್ಲಾಂಗಿನ ಕ್ಲಿನಿಕ್ಕಲ್ಲಿ ಹತ್ತು ವರ್ಷ ಇಸಿಜಿ ತೆಗೆದವಳು ನಾನು. ಎಣ್ಣೆ ಇದ್ದಲ್ಲಿ ಪ್ಲೇಟು ಓದುದಿಲ್ಲ ಅಂತ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳಿದವಳು. ಆ ದಿನ ನನ್ನ ಬುದ್ಧಿ ಎಲ್ಲಿ ಮೇಯ್ಲಿಕ್ಕೆ ಹೋಗಿತ್ತೋ!"

ಪರದೆಯ ಮೇಲೆ ಬೆರಳಿನ ಗೆರೆ ಅಲುಗಲೇ ಇಲ್ಲ. ಹಾಶಿಂ ಹುಡುಗಿಯ ಕೈ ಮೂಸಿ ನೋಡಿದರು. 'ಕೈಗೆ ಏನೋ ಬಳಿದುಕೊಂಡು ಬಂದಿದ್ದಾಳೆ, ಯಂತ್ರವನ್ನು ವಂಚಿಸುವ ಯತ್ನ' ಎಂದು ಬರೆದರು. ತೇನ್‌ಮೊಳಿ ದೇವಕಿಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ದೇವಕಿ ಬಾಯಿಗೆ ಬೀಗ ಹಾಕಿಕೊಂಡರು. ಕೆಲಸ ಹೋದೀತೆಂಬ ಹೆದರಿಕೆ. ಸಾಕ್ಷಿಯ ಜಾಗದಲ್ಲಿ ಸಹಿಯನ್ನೂ ಹಾಕಿದರು. ಹುಡುಗಿಯೂ ಎಣ್ಣೆ ಹಚ್ಚಿದ ಅಕ್ಕನ ಹೆಸರೆತ್ತಲಿಲ್ಲ. ಎರಡು ವರ್ಷ ಅರ್ಜಿ ಹಾಕುವಂತಿಲ್ಲ ಎಂಬ ಪತ್ರ ಹಿಡಿದು ಮತ್ತೆ ಮೀನಿನ ಶೆಡ್ಡಿಗೆ ಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬ್ರಿಕ್‌ಫೀಲ್ಡ್ಸ್‌ನ ಮನೆಯಲ್ಲಿ ಮೂರು ದಿನ ದೇವಕಿಗೆ ಅನ್ನ ಸೇರಲಿಲ್ಲ. ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿರುವ ಗಂಡ ಯಜ್ಞನಾರಾಯಣ ವಿಷಯ ಕೇಳಿ, "ತಪ್ಪು ನಿನ್ನದಾದ್ರೆ ಹಾಗೇ ಬರೆದು ಕೊಡು. ಇಲ್ಲಿ ಕೂತು ತಟ್ಟೆ ಕೆದಕಿದ್ರೆ ಎಂತ ಆಗ್ತದೆ?" ಅಂದರು. ಅಂದೇ ದೇವಕಿ ಕಂಪನಿಗೆ ಕಾಗದ ಬರೆದರು: 'ಎಣ್ಣೆ ಹಚ್ಚಿದ್ದು ನಾನು. ಅಭ್ಯರ್ಥಿಯ ತಪ್ಪಿಲ್ಲ. ಮರುಪರೀಕ್ಷೆ ಮಾಡಿ.' ಜೊತೆಗೆ ಹಳೆಯ ಫಾರಂಗಳನ್ನು ತಿರುವಿ ಹಾಕಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 'ವಂಚನೆಯ ಯತ್ನ' ಅಂತ ಫೇಲಾದ ಹೆಂಗಸರಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯುವವರು, ಮೀನಿನವರು, ಲಾಂಡ್ರಿಯವರು. ಅವರಿಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ದಡ್ಡುಗಟ್ಟಿದ ಬೆರಳೇ ಸಾಕಾಗಿತ್ತು.

ಕಂಪನಿಯ ಮ್ಯಾನೇಜರ್ ಕೀರ್ತಿರಾಜ್ ಬೆಂಗಳೂರಿನವರು, ಸಿರಿವಂತರ ಬಡಾವಣೆ ಮಾಂಟ್ ಕಿಯಾರಾದಲ್ಲಿ ಮನೆ. ಕಾಗದ ಓದಿ ಬಾಗಿಲು ಹಾಕಿದರು. ಮಾತು ಕನ್ನಡದಲ್ಲೇ ನಡೆಯಿತು.

"ದೇವಕಿ ಮೇಡಂ, ನಮ್ಮೂರವ್ರು ಅಂತ ಹೇಳ್ತಿದೀನಿ. ಇದನ್ನ ಫೈಲ್‌ಗೆ ಹಾಕಿದ್ರೆ ಕ್ಲೈಂಟು ಹಳೇದೆಲ್ಲ ಕೆದಕ್ತಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಹುಡುಗಿಯ ಹಣೆಗೆ ಕಳ್ಳಿ ಅಂತ ಬರೆದದ್ದು ಯಾರು ಅಡ್ಜಸ್ಟ್ ಮಾಡುದು? ಮರುಪರೀಕ್ಷೆ ಆಗುವವರೆಗೆ ನಾನು ಯಾವ ಫಾರಂಗೂ ಸಹಿ ಹಾಕುದಿಲ್ಲ."

"ಹಂಗಾದ್ರೆ ನೀವು ಕ್ಯಾಂಡಿಡೇಟ್ ಜೊತೆ ಶಾಮೀಲಾಗಿದ್ರಾ ಇಲ್ವಾ ಅಂತ ನಿಮ್ಮನ್ನೇ ಮೆಷಿನ್‌ಗೆ ಕೂರಿಸ್ಬೇಕಾಗುತ್ತೆ."

"ಕೂರಿಸಿ ಲಾ! ಈಗ್ಲೇ ಕೂರ್ತೇನೆ. ನನಗೆ ಬೆಲ್ಟು ಕಟ್ಲಿಕ್ಕೆ ಹೆಂಗಸು ಯಾರುಂಟು ಇಲ್ಲಿ? ನಿಯಮ ಪುಸ್ತಕ ನಿಮ್ದೇ ಅಲ್ವಾ?" ಸಿಟ್ಟಿನಲ್ಲಿ ದೇವಕಿಯ ಮಾತಿಗೆ ಇಲ್ಲಿನವರ 'ಲಾ' ಕೂಡ ಸೇರಿಕೊಂಡಿತ್ತು.

ಕೀರ್ತಿರಾಜ್ ಎದ್ದು ಬಾಗಿಲು ತೆರೆದರು. ಇಡೀ ಕಂಪನಿಯಲ್ಲಿ ಆ ಕೆಲಸದ ಹೆಂಗಸು ದೇವಕಿಯೊಬ್ಬರೇ. ಭಲೇ ದೇವಕಿ!

ಮುಂದಿನ ಹನ್ನೊಂದು ದಿನದಲ್ಲಿ ಪರೀಕ್ಷೆಯಿದ್ದ ಆರೂ ದಿನ ಅವರು ಬಂದರು, ಬೆಲ್ಟು ಕಟ್ಟಿದರು, ಮೂಲೆಯಲ್ಲಿ ಕೂತರು. ಪೆನ್ನು ಮಾತ್ರ ಮುಟ್ಟಲಿಲ್ಲ. ಜಪ್ಪಯ್ಯ ಅಂದರೂ ಇಲ್ಲ. ಮೇಜಿನ ಮೇಲೆ ಹದಿನೆಂಟು ಹೆಂಗಸರ ಫಾರಂ ಸಹಿಯಿಲ್ಲದೆ ಬಿದ್ದವು. ಆ ಹದಿನೆಂಟು ಜನರನ್ನೂ ಎದುರು ಕೂರಿಸಿ ದೇವಕಿ ಕಾರಣ ಹೇಳಿದ್ದರು. ಇಬ್ಬರು ಬೈದರು, ಉಳಿದವರು ಕಾಯುತ್ತೇವೆ ಅಂದರು. ಗೋದಾಮಿನವರು ಕಾವಲಿಗೆ ಜನ ಎಲ್ಲಿ ಅಂತ ಮೇಲಿಂದ ಮೇಲೆ ಫೋನು ಮಾಡಿದ ಮೇಲೆ ಹನ್ನೆರಡನೇ ದಿನ ಮರುಪರೀಕ್ಷೆಗೆ ಒಪ್ಪಿಗೆ ಬಂತು. ಅದರ ಜೊತೆಗೇ ಇನ್ನೊಂದು ಕಾಗದವೂ ಬಂತು. ದೇವಕಿಯ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ.

"ಗೊತ್ತಿತ್ತು. ಎರಡು ಕಾಗದ ಒಟ್ಟಿಗೇ ತಗೊಂಡೆ," ಎನ್ನುತ್ತಾರೆ.

ಏಳೂಕಾಲಿಗೆ ತೇನ್‌ಮೊಳಿ ಬರುತ್ತಾಳೆ. ಕಣ್ಣಲ್ಲಿ ನಿದ್ದೆಯಿಲ್ಲ. "ಅಕ್ಕಾ, ಈ ಸಲವೂ ಗೆರೆ ಏಳದಿದ್ರೆ?" ಅಂತ ತಮಿಳಿನಲ್ಲಿ ಕೇಳುತ್ತಾಳೆ. ತರಕಾರಿ ಅಂಗಡಿಯಲ್ಲಿ ಕಲಿತ ತಮಿಳಿನಲ್ಲೇ ದೇವಕಿ ಗದರುತ್ತಾರೆ: "ಮೊದಲು ಕೈ ಕೊಡು." ಬಿಸಿನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಕೈ ಮುಳುಗಿಸುತ್ತಾರೆ. ಮೆತ್ತಗೆ ಒರೆಸುತ್ತಾರೆ. ಬಿರುಕಿಲ್ಲದ ಜಾಗವನ್ನು ಬೆರಳಲ್ಲಿ ಒತ್ತಿ ಒತ್ತಿ ಹುಡುಕಿ, ಹೆಬ್ಬೆರಳ ಬುಡದ ಮೆತ್ತನೆಯ ಚರ್ಮಕ್ಕೆ ಪ್ಲೇಟು ಕೂರಿಸುತ್ತಾರೆ. ಹಾಶಿಂ ಹುಬ್ಬೇರಿಸುತ್ತಾರೆ. ಕೈಪಿಡಿಯ ಪುಟಕ್ಕೆ ದೇವಕಿ ಮೊದಲೇ ಗುರುತು ಹಾಕಿಟ್ಟಿದ್ದಾರೆ. ಬೆರಳು ಓದದಿದ್ದರೆ ಅಂಗೈ ಆಗಬಹುದು ಅಂತ ಅಲ್ಲೇ ಇದೆ. ನಾಲ್ಕು ವರ್ಷದಲ್ಲಿ ಯಾರೂ ಆ ಪುಟ ತೆರೆದಿರಲಿಲ್ಲ, ಅಷ್ಟೇ.

"ಹಿಂದಿನ ಕೆಲಸದಲ್ಲಿ ಏನಾದರೂ ಕದ್ದಿದ್ದೀಯಾ?" ಹಾಶಿಂ ಮಲಯದಲ್ಲಿ ಕೇಳುತ್ತಾರೆ.

"ಇಲ್ಲ."

ಗೆರೆ ಸ್ವಲ್ಪ ಏಳುತ್ತದೆ, ಇಳಿಯುತ್ತದೆ. ಮೂಲೆಯಲ್ಲಿ ಕೂತ ದೇವಕಿ ಪರದೆಯಿಂದ ಕಣ್ಣು ಕೀಳುವುದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಂಬಿ ಕಟ್ಟಿದ ಯಂತ್ರ ಇದು ಎನ್ನುವುದು ಅವರ ತಕರಾರು. "ಕದಿಯದವಳೂ ಹೆಗಲು ಮುಟ್ಟಿ ನೋಡ್ತಾಳೆ. ಬಡವಳಾದ್ರೆ ಎರಡು ಸಲ ನೋಡ್ತಾಳೆ."

ಹತ್ತು ಗಂಟೆಗೆ ಹಾಶಿಂ ವಯರುಗಳನ್ನು ಬಿಚ್ಚಲು ಹೇಳುತ್ತಾರೆ. ಕಾಗದ ಎರಡು ಸಲ ಓದಿ, ಕನ್ನಡಕ ತೆಗೆದು, "ಪಾಸ್" ಅನ್ನುತ್ತಾರೆ. ತೇನ್‌ಮೊಳಿಗೆ ಮೊದಲು ಅರ್ಥವೇ ಆಗುವುದಿಲ್ಲ. ಅರ್ಥವಾದ ಮೇಲೆ ಸೀಳಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಾಳೆ. ದೇವಕಿಯೂ ಕಣ್ಣೊರೆಸಿಕೊಳ್ಳುತ್ತಾರೆ, ಮೂಗು ಸೀಟುತ್ತಾರೆ, ಪೆನ್ನು ತೆಗೆಯುತ್ತಾರೆ.

ಸಾಕ್ಷಿಯ ಸಹಿಯ ಮೇಲಿನ ಖಾಲಿ ಜಾಗದಲ್ಲಿ ಅವರು ಬರೆಯುತ್ತಾರೆ: 'ಬೆರಳುಗಳು ಐಸು ಮತ್ತು ಬ್ಲೀಚಿನಿಂದ ದಡ್ಡುಗಟ್ಟಿವೆ. ಪ್ಲೇಟನ್ನು ಅಂಗೈಗೆ ಕಟ್ಟಲಾಗಿದೆ.' ಬಾಗಿಲಲ್ಲಿ ನಿಂತಿದ್ದ ಕೀರ್ತಿರಾಜ್‌ಗೆ ತಡೆಯಲಾಗುವುದಿಲ್ಲ.

"ಪಾಸಾದ್ಲಲ್ಲ ಮೇಡಂ, ಇನ್ಯಾಕೆ ಬರೀತೀರಾ?"

"ಫೇಲಾದವರಿಗೆ ಮಾತ್ರ ಬರೆದ್ರೆ ನೆಪ ಹೇಳಿದೆ ಅಂತೀರಿ. ಪಾಸಾದವಳಿಗೂ ಬರೆದು ಹೋಗ್ತೇನೆ."

ಸಹಿ ಹಾಕುತ್ತಾರೆ. ಆಮೇಲೆ ಬಾಕಿ ಉಳಿದ ಹದಿನೆಂಟು ಫಾರಂಗಳನ್ನು ಎಳೆದುಕೊಂಡು ಒಂದೊಂದರಲ್ಲೂ ಆಯಾ ಹೆಂಗಸಿನ ಕೈ ಹೇಗಿತ್ತೆಂದು ಬರೆಯಲು ಕೂರುತ್ತಾರೆ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ. ಆಮೇಲೆ ಏನು ಮಾಡುತ್ತೀರಿ ಅಂದರೆ ನಗುತ್ತಾರೆ. ಇಸಿಜಿ ಬಲ್ಲವರಿಗೆ ಕೆಲಸಕ್ಕೇನು ಬರ? ಅವರ ಆಸೆ ಒಂದೇ.

"ಈ ಫಾರಂನಲ್ಲಿ ಅಭ್ಯರ್ಥಿಯ ಕೈ ಹೇಗುಂಟು ಅಂತ ಅಚ್ಚಾದ ಒಂದು ಕಾಲಂ ಬರ್ಲಿ. ನನ್ನ ಜಾಗಕ್ಕೆ ಬರುವ ಹುಡುಗಿ ಅಷ್ಟು ತುಂಬಿದ್ರೆ ಸಾಕು. ಅದಕ್ಕೆ ಅವಳು ಕೆಲಸ ಕಳ್ಕೊಳ್ಬೇಕಾಗಿಲ್ಲ."