ಗೌರಿಯ ಬೆನ್ನ ಮೇಲೆ ಒಂದು ಗ್ಲಾಸು ಮಜ್ಜಿಗೆ

ಓಣಿಯಲ್ಲಿ ಮೋಟಾರ್ ಸೈಕಲ್ ಸಪ್ಪಳವಾದರೆ ಅದು ಯಾರ ಗಾಡಿ ಎಂದು ಅಡುಗೆಮನೆಯಲ್ಲಿ ಕುಳಿತೇ ಹೇಳಬಹುದಾಗಿದ್ದ ಕಾಲ ಅದು. ನಮ್ಮ ಬಂಕಾಪುರದಲ್ಲಿ ಬೇಸಿಗೆ ಸೂಟಿ ಎಂದರೆ ಬೆಳಿಗ್ಗೆ ಕೋಟೆಯ ಕಡೆಯಿಂದ ನವಿಲು ಕೂಗುವುದು, ಮಧ್ಯಾಹ್ನ ಅವ್ವ ಬೈದು ಮಲಗಿಸುವುದು, ನಾನು ನಿದ್ದೆ ಬಂದವಳ ಹಾಗೆ ಮಾಡಿ ಎದ್ದು ಹೋಗಿ ಗಜಗ ಆಡುವುದು. ಗಜಗ ನಿಮಗೂ ಗೊತ್ತಿರಬೇಕು. ಬೂದಿ ಬಣ್ಣದ, ಗೋಲಿಯಷ್ಟು ಗಟ್ಟಿಯಾದ ಬೀಜ. ಐದು ಗಜಗ ಕೈಯಲ್ಲಿದ್ದರೆ ನನಗೆ ಹಸಿವೆಯೂ ತಿಳಿಯುತ್ತಿರಲಿಲ್ಲ. ನಾನು ಐದನೆಯ ಇಯತ್ತೆ ಮುಗಿಸಿದ ಆ ಸೂಟಿಯಲ್ಲಿ ನಮ್ಮ ಮನೆಗೆ ಕುದುರೆ ಬಂತು.

ತಂದವನು ಅಜ್ಜ. ಅವನ ಮೊಣಕಾಲು ಕೈಕೊಟ್ಟಿದ್ದವು. ಹೊಲ ಸವಣೂರು ರಸ್ತೆಯ ಆಚೆ, ನಡೆದು ಹೋಗುವ ಮಾತೇ ಇರಲಿಲ್ಲ. ಬೈಕಿನ ಮೇಲೆ ಮೊಣಕಾಲು ಮಡಚಬೇಕು, ಚಕ್ಕಡಿಯಲ್ಲಿ ಕುಲುಕಾಟಕ್ಕೆ ಜೀವ ಬಾಯಿಗೆ ಬರುತ್ತದೆ. ಹೀಗಾಗಿ ಎರಡು ವರ್ಷದಿಂದ ಅವನು ತನ್ನ ಹೊಲವನ್ನೇ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಅದು ಹೆಂಗೈತಿ, ಇದು ಹೆಂಗೈತಿ ಎಂದು ಕೇಳಿ ತಲೆ ತಿನ್ನುತ್ತಿದ್ದ. ಕುದುರೆಯಾದರೆ ಕಾಲು ಇಳಿಬಿಟ್ಟು ಕೂರಬಹುದು ಎಂದು ಅವನ ಲೆಕ್ಕ. ಅದೂ ಎಂಥ ಕುದುರೆ?

"ರವಾಲ ಚಾಲಿನ ಕುದರಿ ಅಂದ್ರ ಏನಂತ ತಿಳದೀ ಗಿರ್ಜಾ?" ಎಂದು ನನಗೆ ಕೇಳಿದ್ದ. "ತುಂಬಿದ ಗ್ಲಾಸ ಮಜ್ಜಗಿ ಕೈಯಾಗ ಹಿಡಕೊಂಡು ಸವಣೂರ ಮುಟ್ಟಬಹುದು. ಒಂದ ಹನಿ ಚೆಲ್ಲಂಗಿಲ್ಲ!"

ಉಳಿದ ಕುದುರೆಗಳು ಓಡುವಾಗ ಸವಾರ ಮೇಲೆ ಕೆಳಗೆ ಪುಟಿಯುತ್ತಾನೆ. ರವಾಲ್ ಚಾಲಿನ ಕುದುರೆ ಒಂದು ಮಗ್ಗುಲಿನ ಎರಡೂ ಕಾಲು ಮುಂದಿಟ್ಟು, ಆಮೇಲೆ ಇನ್ನೊಂದು ಮಗ್ಗುಲಿನ ಎರಡೂ ಕಾಲು ಮುಂದಿಟ್ಟು ಹೋಗುತ್ತದೆ. ಅದರ ಬೆನ್ನು ಅಲುಗುವುದಿಲ್ಲ. ಅಜ್ಜ ಹುಡುಗನಾಗಿದ್ದಾಗ ಅಂಥದೊಂದನ್ನು ನೋಡಿದ್ದನಂತೆ, ಅದರ ಗುಂಗು ಬಿಟ್ಟಿರಲಿಲ್ಲ. ಸವಣೂರಿನ ಮದುವೆ ಬ್ಯಾಂಡಿನವರಲ್ಲಿ ಆ ಚಾಲಿನ ಬಿಳಿ ಹೆಣ್ಣು ಕುದುರೆ ಇದೆ ಎಂದು ಕೇಳಿದ್ದೇ ತಡ, ನಮ್ಮ ಒಂದು ಹೋರಿ ಕೊಟ್ಟು ಅದಲುಬದಲು ಮಾಡಿಕೊಂಡ. ಮುಂಗಾರು ಬಿತ್ತಿಗೆಯೊಳಗೆ ಒಗ್ಗದಿದ್ದರೆ ಅವರ ಕುದುರೆ ಅವರಿಗೆ, ನಮ್ಮ ಹೋರಿ ನಮಗೆ. ಹಾಗೆಂದು ಮಾತಾಗಿತ್ತು. ಅಜ್ಜ ಅದಕ್ಕೆ ಗೌರಿ ಎಂದು ಹೆಸರಿಟ್ಟ.

ನಮ್ಮದು ಎತ್ತಿನ ಮನೆತನ. ಎತ್ತಿನ ಭಾಷೆ ಬಿಟ್ಟರೆ ನಮಗೆ ಬೇರೆ ಗೊತ್ತಿಲ್ಲ. ಮೊದಲ ದಿನವೇ ಅಪ್ಪ ಹಿಂದಿನಿಂದ ಹೋಗಿ, ಎತ್ತಿಗೆ ಮಾಡುವ ಹಾಗೆ, ಪ್ರೀತಿಯಿಂದಲೇ ಕುಂಡೆಗೆ ಒಂದು ಏಟು ಕೊಟ್ಟು ಬಾಲ ತಿರುವಿದ. ಮರುಗಳಿಗೆಗೆ ಜೋಳದ ಕಣಕಿಯ ಬಣವೆಯಲ್ಲಿ ಬಿದ್ದಿದ್ದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಂಜಿಕೆಯಿಂದಲ್ಲ, ನಗು ತಡೆಯದೆ. ಹಿಂದಿನಿಂದ ಹೋದರೆ ಒದೆಯುತ್ತಿತ್ತು, ಮುಂದಿನಿಂದ ಹೋಗಿ ಯಾರಾದರೂ ಕೈ ಎತ್ತಿದರೆ ಎರಡು ಕಾಲ ಮೇಲೆ ನಿಲ್ಲುತ್ತಿತ್ತು. ಕೊನೆಗೆ ಅಜ್ಜ ಕಟ್ಟೆಯಿಂದಲೇ ತೀರ್ಪು ಕೊಟ್ಟ.

"ಮೂಗದಾರ ಹಾಕಿಸಿಬಿಡೂಣು. ಎಲ್ಲಾ ಸರಿ ಹೋಗ್ತೈತಿ."

"ಅಯ್ಯ ಗೌಡ್ರ, ಕುದರಿಗೆ ಮೂಗದಾರ ಏನ್ರೀ! ನಾಳೆ ಕೋಡಿಗೆ ಬಣ್ಣಾನೂ ಹಚ್ಚವ್ರೇನು?" ಎಂದು ಬೇಲಿಯಾಚೆಯಿಂದ ದನಿ ಬಂತು.

ಅದು ಹುಸೇನಬಿ ಬೂಬು. ಪಕ್ಕದ ಮನೆಯವಳು. ಅವಳ ಗಂಡ ಬಂಕಾಪುರಕ್ಕೂ ಸವಣೂರಿಗೂ ಟಾಂಗಾ ಹೊಡೆಯುತ್ತಿದ್ದ. ಅವನು ತೀರಿಹೋದ ಮೇಲೆ ಕೌದಿ ಹೊಲಿದು ಬದುಕುತ್ತಿದ್ದಳು. ಬಾಯಿ ತುಂಬ ಸವಣೂರ ಎಲೆ, ಎಲೆಗಿಂತ ಹೆಚ್ಚು ಮಾತು. ಓಣಿಯಲ್ಲಿ ಯಾರಿಗೂ ಅಂಜಿದವಳಲ್ಲ, ನಮ್ಮ ಅಜ್ಜನಿಗಂತೂ ಅಲ್ಲವೇ ಅಲ್ಲ. ಆ ಬೇಸಿಗೆ ಅವ್ವನ ಹಳೆಯ ಸೀರೆ, ಅಜ್ಜನ ಹರಿದ ಧೋತರ, ನನ್ನ ಲಂಗದ ತುಂಡುಗಳನ್ನೆಲ್ಲ ಕೂಡಿಸಿ ನಮಗಾಗಿಯೇ ಒಂದು ಕೌದಿ ಹೊಲಿಯುತ್ತಿದ್ದಳು. ಆ ಕೆಲಸ ತಗೊಂಡು ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ, ಗೌರಿ ಕಾಣುವ ಹಾಗೆ ಬಂದು ಕುಳಿತಳು.

"ನಮ್ಮ ಮನ್ಯಾಗ ಲಗಾಮು ಅವ್ರು ಹಿಡೀತಿದ್ರು, ಹೊಟ್ಟಿ ನಾ ನೋಡಕೋತಿದ್ದೆ. ಕುದರಿ ಯಾರ ಮಾತು ಕೇಳತಿತ್ತು ಅಂತೀ?" ಎಂದು ನಕ್ಕು ನನ್ನನ್ನು ಕರೆದಳು. "ಬಾ ಬೇಟಾ. ಅಲ್ಲಿ ಕೂಡು. ಅದಕ್ಕ ಬೆನ್ನು ಮಾಡಿ ಕೂಡು."

"ಕುಂತು ಏನು ಮಾಡ್ಲಿ?"

"ಏನೂ ಮಾಡಬ್ಯಾಡ. ಅದನ್ನ ನೋಡಬ್ಯಾಡ, ಮುಟ್ಟಬ್ಯಾಡ. ನಿನ್ನ ಆಟ ನೀ ಆಡು."

ಇದೊಂದು ಕೆಲಸವೇ? ನನಗೆ ಸಿಟ್ಟೇ ಬಂತು. ಆದರೆ ಗಜಗ ಆಡು ಎಂದು ದೊಡ್ಡವರೇ ಹೇಳಿದ ಮೇಲೆ ಬಿಡುವುದುಂಟೆ? ಗೌರಿಯ ಹಗ್ಗಕ್ಕೆ ಎಟುಕುವಷ್ಟು ಹತ್ತಿರ ಬೆನ್ನು ಮಾಡಿ ಕುಳಿತೆ. ಒಂದನ್ನು ಮೇಲೆ ತೂರಿ, ಉಳಿದವನ್ನು ಬಾಚಿ, ಬೀಳುವುದನ್ನು ಹಿಡಿಯುವುದು. ಟಕ್ ಟಕ್. ಮಧ್ಯಾಹ್ನವೆಲ್ಲ ಅದೇ. ಹುರಳಿ ನೆನೆಸಿದ ವಾಸನೆ, ಬೇವಿನ ಹೂವಿನ ವಾಸನೆ, ಕುದುರೆಯ ಬೆವರಿನ ವಾಸನೆ. ನನ್ನ ಬೆನ್ನು ಜುಂ ಎನ್ನುತ್ತಿತ್ತು. ಈಗ ಒದೆಯುತ್ತದೋ, ಇನ್ನೊಂದು ಗಳಿಗೆಗೋ!

ದಿನಗಳು ಹೋದವು. ಗೌರಿ ಮೊದಲು ಗೋಡೆಗೆ ಆತು ನಿಲ್ಲುತ್ತಿದ್ದದ್ದು, ಆಮೇಲೆ ಮೇವು ತಿನ್ನುತ್ತ ನಿಂತಿತು. ಹಾನಗಲ್ಲಿನ ನಮ್ಮ ಅತ್ತೆ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದ್ದಳು. ಒಂದು ದಿನ ನಾನು ಹಣ್ಣು ಚೀಪಿ ಸಿಪ್ಪೆಯನ್ನು ಪಕ್ಕಕ್ಕೆ ಇಟ್ಟು ಆಟಕ್ಕೆ ಕೈ ಹಾಕಿದ್ದೆ. ಕಿವಿಯ ಹತ್ತಿರ ಬಿಸಿ ಉಸಿರು ಬಂತು. ನಾನು ಕಲ್ಲಾದೆ. ಮೆತ್ತನೆಯ ಮೂತಿ ನನ್ನ ಭುಜದ ಮೇಲಿನಿಂದ ಇಳಿದು ಸಿಪ್ಪೆ ಎತ್ತಿಕೊಂಡು ಹೋಯಿತು. ಬೂಬು ಸೂಜಿಯಿಂದ ಕಣ್ಣು ಎತ್ತದೆಯೇ, "ನಗಬ್ಯಾಡ, ತಿರಗಬ್ಯಾಡ. ಆಡು," ಎಂದಳು. ಗಜಗ ಒಂದೂ ಕೈಗೆ ಸಿಗಲಿಲ್ಲ.

ಅಲ್ಲಿಂದ ಸಿಪ್ಪೆ ಅಂಗೈಗೆ ಬಂತು, ಅಂಗೈ ಕುತ್ತಿಗೆಗೆ ಹೋಯಿತು. ಹೊಲಿಯುತ್ತಿದ್ದ ಕೌದಿಯನ್ನು ಬೂಬು ದಿನಾ ಗೌರಿಯ ಮುಂದೆ ಹರವಿ ಮೂಸಲು ಬಿಡುತ್ತಿದ್ದಳು. "ಮನೀ ಮಂದಿ ಎಲ್ಲಾರ ವಾಸನಿ ಇದರಾಗ ಐತಿ. ಪರಿಚಯ ಆಗ್ಲಿ." ಆಮೇಲೆ ನಾನು ಆ ಕೌದಿಯ ಚುಂಗಿನಿಂದ ಅದರ ಮೈ ಒರೆಸತೊಡಗಿದೆ. ಹಗ್ಗ ಸಡಿಲು ಹಿಡಿದು ಹಿತ್ತಲು ಸುತ್ತಿಸಿದೆ. ಎಳೆದರೆ ನಿಲ್ಲುತ್ತಿತ್ತು, ಬಿಟ್ಟರೆ ಹಿಂದೆ ಬರುತ್ತಿತ್ತು. ಆದರೆ ರವಾಲ್ ಚಾಲಿನ ಸುಳಿವೇ ಇಲ್ಲ. ಸ್ವಲ್ಪ ಜೋರು ನಡೆಸಿದರೆ ಕಟ್ಟಿಗೆಯಂತೆ ಬಿಗಿದುಕೊಂಡು ದಡಬಡ ಹೆಜ್ಜೆ ಹಾಕುತ್ತಿತ್ತು.

"ಯಾವಾಗ ಬರ್ತೈತಿ ಬೂಬು ಅದು?"

"ಅಂಜಿದ ಕುದರಿ ಬೆನ್ನು ಬಿಗೀತೈತಿ. ಮೈ ಸಡಲ ಬಿಟ್ಟ ದಿನ ತಾನ ಬರ್ತೈತಿ. ಅಲ್ಲೀತನಾ ಬಡದ್ರೂ ಬರಂಗಿಲ್ಲ, ಬೇಡಿಕೊಂಡ್ರೂ ಬರಂಗಿಲ್ಲ."

ಅಷ್ಟರಲ್ಲಿ ಒಂದು ದಿನ ಓಣಿಯಲ್ಲಿ ಮದುವೆ ಮೆರವಣಿಗೆ ಬಂತು. ಬ್ಯಾಂಡು ಬಡಿಯಿತು. ಹಿತ್ತಲಲ್ಲಿ ಗೌರಿಯ ಕಿವಿ ನಿಮಿರಿದವು. ಒಂದು ಮುಂಗಾಲು ಎತ್ತಿತು, ಇಳಿಸಿತು, ಇನ್ನೊಂದು ಎತ್ತಿತು. ಕುಣಿಯತೊಡಗಿತು. ಯಾರೂ ಹೇಳಿರಲಿಲ್ಲ, ಯಾರ ಕೈಯಲ್ಲೂ ಕೋಲಿರಲಿಲ್ಲ. ಮೈಯೆಲ್ಲ ಬೆವರು, ಬಾಯಲ್ಲಿ ನೊರೆ, ಕಣ್ಣಿನ ಬಿಳಿ ಕಾಣುತ್ತಿತ್ತು. ಬ್ಯಾಂಡು ತಿರುವು ದಾಟಿದರೂ ಅದು ನಿಲ್ಲಿಸಲಿಲ್ಲ. ಮದುವೆಗಳಲ್ಲಿ ಕುದುರೆ ಕುಣಿದರೆ ನಾನೂ ಚಪ್ಪಾಳೆ ಹೊಡೆದವಳೇ. ಅದು ಸಂತೋಷದ ಕುಣಿತ ಅಲ್ಲ, ಕುಣಿಯಲು ಕಲಿಸುವಾಗ ಮುಂಗಾಲಿಗೆ ಬಿದ್ದ ಏಟುಗಳ ನೆನಪು ಎಂದು ಅವತ್ತು ಬೂಬು ಹೇಳಿದ ಮೇಲೆ ತಿಳಿಯಿತು. ನನಗೆ ಜೋರು ಅಳು ಬಂತು.

ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. "ಇದು ಕುಣಿಯೂ ಕುದರಿ. ಅಪ್ಪಾರನ್ನ ಎಲ್ಲೆರ ಕೆಡವೀತು. ಹೊಳ್ಳಿ ಕೊಟ್ಟುಬಿಡೂದ ಬರೋಬ್ಬರಿ," ಎಂದ.

ಹೊಳ್ಳಿ ಕೊಡುವುದೆಂದರೆ ಮತ್ತೆ ಬ್ಯಾಂಡು, ಮತ್ತೆ ಕೋಲು. ಅಜ್ಜ ಮತ್ತೆ ಕಟ್ಟೆಗೆ. ಏನು ಮಾಡಬೇಕೆಂದು ತಿಳಿಯದೆ ನಾನು ದಿನಾ ಕೂರುವ ಜಾಗದಲ್ಲಿ ಬೆನ್ನು ಮಾಡಿ ಕುಳಿತೆ. ಕಣ್ಣೀರಿಗೆ ಏನೂ ಕಾಣುತ್ತಿರಲಿಲ್ಲ. ಗಜಗ ತೂರಿದೆ, ಬಿದ್ದವು. ಮತ್ತೆ ತೂರಿದೆ. ಟಕ್ ಟಕ್. ಹಿಂದೆ ಗೊರಸಿನ ಸಪ್ಪಳ ನಿಧಾನವಾಯಿತು. ನಿಂತಿತು. ಆಮೇಲೆ ಹಗ್ಗ ನೆಲದ ಮೇಲೆ ಎಳೆದುಕೊಂಡು ಬಂದ ಸದ್ದು. ಒದ್ದೆ ಮೂತಿಯೊಂದು ನನ್ನ ನೆತ್ತಿಯ ಮೇಲೆ ಬಂದು ಕುಳಿತಿತು, ನಡುಗುತ್ತಲೇ.

"ಬಿತ್ತಿಗಿತನಾ ನೋಡೂಣು ತಗೋ," ಎಂದು ಅಪ್ಪ ಒಳಗೆ ಹೋದ.

ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದಾಗ ಗೌರಿಯ ಬೆನ್ನ ಮೇಲೆ ಹೊಸ ಕೌದಿ ಬಿತ್ತು. ಅದರ ಮೇಲೆ ನಾನು ಕುಳಿತೆ, ಗೌರಿ ಸುಮ್ಮನೆ ನಿಂತಿತು. ಮರುದಿನವೇ ಮಳೆ ಬಂದು, ಒಂದು ಬಿಸಿಲು ಬಿದ್ದು, ನೆಲ ಹದಕ್ಕೆ ಬಂತು. ಬಿತ್ತಿಗೆ. ಅಜ್ಜ ಬೆಳಿಗ್ಗೆಯೇ ರುಮಾಲು ಸುತ್ತಿ ಕಟ್ಟೆಯ ಮೇಲೆ ನಿಂತಿದ್ದ. ಅಪ್ಪ ಅವನನ್ನು ಎತ್ತಿ ಗೌರಿಯ ಮೇಲೆ ಕೂರಿಸಿದ. ಅಜ್ಜ ಕೂತದ್ದೇ ಹಗ್ಗವನ್ನು ಎರಡೂ ಕೈಗಳಿಂದ, ಹೋರಿಯ ಕಣ್ಣಿ ಹಿಡಿದಂತೆ, ಜಗ್ಗಿ ಹಿಡಿದ. ಗೌರಿಯ ಕತ್ತು ಬಿಗಿಯಿತು, ಕಿವಿ ಹಿಂದೆ ಹೋದವು. ಒಂದು ಮುಂಗಾಲು ಮೇಲೆದ್ದಿತು.

"ತಡೀರಿ ಗೌಡ್ರ!" ಬೂಬು ನಮ್ಮ ಅಡುಗೆಮನೆಗೇ ನುಗ್ಗಿ, ಸ್ಟೀಲಿನ ಗ್ಲಾಸಿನಲ್ಲಿ ಅಂಚಿನತನಕ ಮಜ್ಜಿಗೆ ತುಂಬಿಕೊಂಡು ಬಂದಳು. "ಸವಣೂರತನಾ ಚೆಲ್ಲಂಗಿಲ್ಲ ಅಂತಿದ್ರಲ್ಲ, ಹೊಲದತನಾ ಒಯ್ದು ತೋರಸ್ರಿ ನೋಡೂಣು. ಚೆಲ್ಲಿದ್ರ ಕುದರಿ ಹೊಳ್ಳಿ ಕೊಟ್ಟಬಿಡ್ರಿ."

ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಅಜ್ಜ ಸೋಲುವವನೇ? ಗ್ಲಾಸು ಇಸಿದುಕೊಂಡ. ನನಗೆ ಬೂಬುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಇದೇನು ಪರೀಕ್ಷೆ!

ಹೊರಟೆವು. ಅಜ್ಜನ ಬಲಗೈಯಲ್ಲಿ ಗ್ಲಾಸು, ಎಡಗೈಯ ಎರಡು ಬೆರಳಲ್ಲಿ ಹಗ್ಗ. ಕಣ್ಣೆಲ್ಲ ಮಜ್ಜಿಗೆಯ ಮೇಲೆ. ನಾನು ಪಕ್ಕದಲ್ಲಿ, ಕೈಯಲ್ಲಿ ಗಜಗ ಆಡಿಸುತ್ತ. ಮನೆಗಳು ಮುಗಿದು ಚಕ್ಕಡಿ ದಾರಿ ಬಂತು. ಹಸಿ ಮಣ್ಣಿನ ವಾಸನೆ ಬಂತು. ಗೌರಿ ಉದ್ದಕ್ಕೆ ಉಸಿರು ಬಿಟ್ಟು ಕತ್ತು ಇಳಿಸಿತು. ಹೆಜ್ಜೆ ಚುರುಕಾಯಿತು. ನಾನು ಓಡಬೇಕಾಯಿತು. ಗೊರಸಿನ ಸಪ್ಪಳ ಇದ್ದಕ್ಕಿದ್ದ ಹಾಗೆ ಬೇರೆಯಾಯಿತು. ಈ ಮಗ್ಗುಲು, ಆ ಮಗ್ಗುಲು, ಈ ಮಗ್ಗುಲು. ಅಜ್ಜನ ತಲೆಯ ಮೇಲಿನ ರುಮಾಲು ಒಂದಿಷ್ಟೂ ಪುಟಿಯದೆ, ಗಾಳಿಯಲ್ಲಿ ತಾನಾಗಿ ತೇಲಿಹೋದ ಹಾಗೆ ಮುಂದೆ ಹೋಯಿತು. ನಾನು ನಿಂತುಬಿಟ್ಟೆ. ಆ ಸಂತೋಷ ನನಗೆ ಆಮೇಲೆ ಮದುವೆಯಲ್ಲಿ ಆಗಲಿಲ್ಲ, ನೌಕರಿ ಸಿಕ್ಕಾಗ ಆಗಲಿಲ್ಲ.

ಏದುಸಿರು ಬಿಡುತ್ತ ಹೊಲ ಮುಟ್ಟಿದಾಗ ಅಜ್ಜ ಬದುವಿನ ಪಕ್ಕ ಕುದುರೆಯ ಮೇಲೇ ಕುಳಿತು ಬಿತ್ತುವ ಕೂರಿಗೆಯ ಸಾಲು ನೋಡುತ್ತಿದ್ದ. ಕಣ್ಣು ಒದ್ದೆಯಾಗಿದ್ದವು. ಗ್ಲಾಸು ಖಾಲಿಯಿತ್ತು.

"ಚೆಲ್ಲೀರೇನು ಅಜ್ಜ?"

"ಚೆಲ್ಲಿಲ್ಲವಾ. ಕುಡದೇನಿ."

ಅವನ ಮೀಸೆಗೆ ಮಜ್ಜಿಗೆ ಹತ್ತಿತ್ತು, ಮಾತು ನಿಜವೇ ಇರಬೇಕು. ಆದರೂ ಓಣಿಯಲ್ಲಿ ಯಾರೂ ನಂಬಲಿಲ್ಲ, ವರ್ಷಗಟ್ಟಲೆ ಕಾಡಿಸಿದರು. ಸಂಜೆ ಬೂಬುವಿಗೆ, "ಅಷ್ಟ ಮಂದ್ಯಾಗ ಗೌರಿಗೆ ಪರೀಕ್ಷಾ ಯಾಕ ಇಟ್ಟಿ?" ಎಂದು ಜಗಳಕ್ಕೇ ಹೋದೆ.

ಅವಳು ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು. "ಹುಚ್ಚಿ, ಗೌರಿಗೆ ಅಲ್ಲ. ಗೌಡ್ರ ಕೈಗೆ! ಗ್ಲಾಸ ಚೆಲ್ಲಬಾರದು ಅನ್ನಾವ ಹಗ್ಗ ಜಗ್ಗಂಗಿಲ್ಲ. ನಮ್ಮವ್ರು ಟಾಂಗಾ ಕಲಿಯೂ ಮುಂದ ನಮ್ಮ ಮಾವ ಅವ್ರ ಕೈಯಾಗ ಚಹಾ ಕೊಟ್ಟು ಕೂಡಸ್ತಿದ್ರಂತ."

ಆಮೇಲೆ ಐದಾರು ವರ್ಷ ಅಜ್ಜ ಗೌರಿಯ ಮೇಲೆ ಹೊಲಕ್ಕೆ ಹೋದ. ದಿನಾ ಒಂದು ಗ್ಲಾಸು ಮಜ್ಜಿಗೆ ಕೈಯಲ್ಲಿ. ಅಜ್ಜ ತೀರಿದ ಮೇಲೆ ಬೂಬು ಶಿಗ್ಗಾಂವಿಯ ಮಗಳ ಮನೆಗೆ ಹೋದಳು. ಗೌರಿ ಬೇವಿನ ಕೆಳಗೇ ಮುದಿಯಾಯಿತು. ಅದು ಸತ್ತಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ, ಮಣ್ಣು ಮಾಡಿದ ಮೇಲೆ ಸುದ್ದಿ ಬಂತು. ಕೌದಿಯನ್ನೂ ಅದರ ಜೊತೆಗೇ ಹಾಕಿದರಂತೆ. ಆ ಹಿತ್ತಲಲ್ಲಿ ಈಗ ಮೋಟಾರ್ ಸೈಕಲ್ಲುಗಳು ನಿಲ್ಲುತ್ತವೆ. ಕುದುರೆ ಹೋಯಿತು, ಹೋಗಲಿ. ಒಂದು ಜೀವ ತಾನಾಗಿ ಹತ್ತಿರ ಬರಲಿ ಎಂದು ಬೆನ್ನು ಮಾಡಿ ಕೂರುವ ಮಧ್ಯಾಹ್ನಗಳು ಹೋದದ್ದು ನನಗೆ ಸಂಕಟ.

ಮೊನ್ನೆ ಊರಿಗೆ ಹೋಗಿ ಹುಬ್ಬಳ್ಳಿಗೆ ಮರಳುವಾಗ ಹೆದ್ದಾರಿಯಲ್ಲಿ ಚಹಾಕ್ಕೆ ನಿಂತೆವು. ಕಾಗದದ ಕಪ್ಪು, ಮೇಲೆ ಬಿಗಿಯಾಗಿ ಪ್ಲಾಸ್ಟಿಕ್ ಮುಚ್ಚಳ. ಮಗ ಕಾರು ಹೊರಡಿಸಿದ. ಅವನಿಗೆ ನಿಧಾನ ಎಂಬುದು ಗೊತ್ತಿಲ್ಲ. ನಾನು ಮುಚ್ಚಳ ತೆಗೆದು ಕಪ್ಪನ್ನು ಅವನಿಗೆ ಕಾಣುವ ಹಾಗೆ ಹಿಡಿದೆ.

"ಮುಚ್ಚಳ ಹಾಕ್ಕೋ ಅವ್ವಾ, ಚೆಲ್ತೈತಿ."

"ಚೆಲ್ಲದಂಗ ಹೊಡಿ ನೀ," ಎಂದೆ.

ಅವನು ನಕ್ಕು ಮುಂದಿನ ಲಾರಿಯನ್ನು ಹಿಂದೆ ಹಾಕಿದ. ತಡಸ ಕ್ರಾಸು ಬರುವುದರೊಳಗೆ ಅರ್ಧ ಚಹಾ ನನ್ನ ಸೀರೆಯ ಮೇಲಿತ್ತು.