ಸರೋಜಕ್ಕನ ಕೆಂಪು

ನಮ್ಮಕ್ಕ ಸರೋಜಳ ಎಡಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಯಾವಾಗಲೂ ಕೆಂಪಗೆ ಮಿನುಗುತ್ತಿತ್ತು. ಉಳಿದ ಒಂಬತ್ತು ಉಗುರುಗಳು ಬಣ್ಣ ಕಂಡಿದ್ದನ್ನು ನಾನು ನೋಡಿಲ್ಲ. ಲಗ್ಗೆರೆಯ ನಮ್ಮ ಗಲ್ಲಿಯಲ್ಲಿ ಇದನ್ನು ನೋಡಿ ನಗದವರು ಕಡಿಮೆ. ಮನೆ ಓನರ್ ಗೌರಮ್ಮ ಒಮ್ಮೆ ನಲ್ಲಿಯ ಹತ್ತಿರ ಎಲ್ಲರೆದುರು ಕೇಳಿಯೇಬಿಟ್ಟರು: "ಏನೇ ಸರೋಜ, ಒಂದೇ ಬೆರಳಿಗೆ ನೇಲ್ ಪಾಲಿಶು? ಬಾಟ್ಲು ಖಾಲಿ ಆಗೋಯ್ತಾ?"

ಅಕ್ಕ ಕೊಡವನ್ನು ಸೊಂಟಕ್ಕೇರಿಸಿಕೊಂಡು, "ಇಲ್ಲ ಗೌರಮ್ಮ, ಮಿಕ್ಕಿದ್ ಒಂಬತ್ತು ಮನೆಕೆಲ್ಸಕ್ಕೆ. ಇದೊಂದು ನಂದು" ಎಂದು ನಡೆದುಬಿಟ್ಟಳು.

ಅವಳು ಬಣ್ಣ ಹಚ್ಚುತ್ತಿದ್ದುದು ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರಿಗೆ. ವೈಟ್‌ಫೀಲ್ಡ್ ಕಡೆ ಕೆಲವರು ಭಾನುವಾರ ಒಂದು ಹಾಲ್‌ನಲ್ಲಿ ಸೇರಿ, ದೊಡ್ಡ ಮೇಜಿನ ಮೇಲೆ ಇಂಥ ಸೈನಿಕರನ್ನು ನಿಲ್ಲಿಸಿ ಯುದ್ಧದ ಆಟ ಆಡುತ್ತಾರೆ. ಗೊಂಬೆಗಳು ಬೂದು ಬಣ್ಣದಲ್ಲಿ ಬರುತ್ತವೆ. ಬಣ್ಣ ಹಚ್ಚಲು ಬಾರದವರು ಬಲ್ಲವರಿಗೆ ಕೊಡುತ್ತಾರೆ. ಅಕ್ಕ ಪ್ರತಿ ಹನಿ ಬಣ್ಣವನ್ನೂ ಮೊದಲು ಆ ಉಗುರಿನ ಮೇಲೆ ಎಳೆದು ನೋಡಿ, ಸರಿ ಎನಿಸಿದರೆ ಮಾತ್ರ ಸೈನಿಕನಿಗೆ ಮುಟ್ಟಿಸುತ್ತಿದ್ದಳು.

ನಾನು ಪೀಣ್ಯದಲ್ಲಿ ಸ್ಪ್ರೇ ಪೇಂಟರ್. ಬೈಕಿನ ಟ್ಯಾಂಕುಗಳಿಗೆ ಬಣ್ಣ ಹೊಡೆಯುವ ಸಣ್ಣ ಶೆಡ್ಡಿನಲ್ಲಿ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯುವ ಅಭ್ಯಾಸವಿಲ್ಲ. ಇದನ್ನು ಬರೆಯುತ್ತಿರುವುದು ಅಕ್ಕನನ್ನು ಹೊಗಳುವುದಕ್ಕಲ್ಲ. ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. ನಾನು ಮಾಡಿದ್ದೊಂದನ್ನು ಹೇಳುವುದಿದೆ. ಯಾರಿಗೆ ಮಾಡಿದೆ ಎಂದು ತಿಳಿಯದಿದ್ದರೆ ಏನು ಮಾಡಿದೆ ಎನ್ನುವುದು ತಿಳಿಯುವುದಿಲ್ಲ, ಅದಕ್ಕೇ ಅವಳಿಂದ ಶುರು ಮಾಡಿದೆ.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಳು. ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದ ಅಂಗಿಯಲ್ಲಿ ಒಂದು ದಾರ ಹೆಚ್ಚು ಉಳಿದಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಸೂಪರ್‌ವೈಸರ್ "ಬಿಡಮ್ಮಾ, ಲೋಡ್ ಹೋಗ್ಬೇಕು" ಎಂದರೂ ಪಕ್ಕಕ್ಕಿಡುತ್ತಿದ್ದಳು. ಕೆಲಸ ಬಿಟ್ಟಿದ್ದೂ ಅದೇ ಜಗಳದಲ್ಲಿ. ಬಿಟ್ಟು ಬಂದ ದಿನ ಮುಖದಲ್ಲಿ ಚಿಂತೆಯಿರಲಿಲ್ಲ. "ಅವ್ರಿಗೆ ಕಣ್ಣಿರೋರು ಬೇಡ್ವಂತೆ ಕಣೋ" ಎಂದು ಅನ್ನಕ್ಕಿಟ್ಟಳು.

ಆ ಸಮಯದಲ್ಲೇ ವೈಟ್‌ಫೀಲ್ಡಿನ ಅರವಿಂದ್ ಎಂಬುವರು ತಮ್ಮ ಹೆಲ್ಮೆಟ್ಟಿಗೆ ಬಣ್ಣ ಹೊಡೆಸಲು ನಮ್ಮ ಶೆಡ್ಡಿಗೆ ಬಂದರು. ನಾನು ಹೊಡೆದ ಮೆಟಾಲಿಕ್ ಕೆಂಪನ್ನು ತಿರುಗಿಸಿ ತಿರುಗಿಸಿ ನೋಡಿ, ಜೇಬಿನಿಂದ ಒಬ್ಬ ಸೈನಿಕನನ್ನು ತೆಗೆದು ಅಂಗೈ ಮೇಲೆ ಇಟ್ಟರು. "ಅಣ್ಣಾ, ಇವನ ಕವಚಕ್ಕೆ ಇದೇ ಕೆಂಪು ಬರುತ್ತಾ?"

"ಸಾರ್, ನಮ್ ಸ್ಪ್ರೇ ಗನ್ ಹೊಡೆದ್ರೆ ಇವನು ಗೋಡೆಗೆ ಹೋಗಿ ಅಂಟ್ಕೋತಾನೆ" ಎಂದೆ. ಶೆಡ್ಡಿನವರೆಲ್ಲ ನಕ್ಕರು. ತಮಾಷೆಗೆಂದು ಅವನನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದೆ. ಅವಳು ನಗಲಿಲ್ಲ. ಅವನನ್ನು ಕೆಮ್ಮಿನ ಔಷಧಿಯ ಖಾಲಿ ಬಾಟಲಿಯ ಮುಚ್ಚಳದ ಮೇಲೆ ಅಂಟಿಸಿ, ಬಾಟಲಿಯನ್ನೇ ಹಿಡಿಕೆಯಂತೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಬೆನ್ನಿಗೂ ಬೆಲ್ಟು ಮಾಡವ್ರೆ ನೋಡು. ಯಾರೂ ನೋಡ್ದಿದ್ರೂ ಮಾಡವ್ರೆ" ಎಂದಳು.

ಮೊದಲ ಸಲ ಅವಳು ಎಲ್ಲರೂ ಮಾಡುವುದನ್ನೇ ಮಾಡಿದಳು. ಕೆಂಪು ಬಣ್ಣಕ್ಕೆ ಬೆಳ್ಳಿ ಬಣ್ಣ ಬೆರೆಸಿದಳು. ಬಂದದ್ದು ಬೀಟ್‌ರೂಟ್ ಮೊಸರುಬಜ್ಜಿಯ ಗುಲಾಬಿ. ಬೆಳ್ಳಿ ಕಡಿಮೆ ಮಾಡಿದರೆ ಹೊಳಪಿಲ್ಲ, ಹೆಚ್ಚು ಮಾಡಿದರೆ ಮತ್ತೆ ಗುಲಾಬಿ. ಮೂರು ವಾರ ಇದೇ ಆಯಿತು. ಹಚ್ಚುವುದು, ತೊಳೆಯುವುದು, ಹಚ್ಚುವುದು.

ಗುಟ್ಟು ನನಗೆ ಗೊತ್ತಿತ್ತು. ಟ್ಯಾಂಕಿಗೆ ನಾನು ದಿನವೂ ಮಾಡುತ್ತಿದ್ದುದೇ ಅದು: ಕೆಳಗೆ ಬೆಳ್ಳಿ, ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ಕೆಂಪು. ಎರಡನ್ನೂ ಬೆರೆಸಲೇಬಾರದು. ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವಳು ಬಂದು ನನ್ನನ್ನು ಕೇಳಲಿ ಎಂದು ಕಾದೆ. ಹುಟ್ಟಿದಾಗಿನಿಂದ ಎಲ್ಲದಕ್ಕೂ ನಾನೇ ಅವಳನ್ನು ಕೇಳಿದ್ದೆ, ಒಂದು ಸಲವಾದರೂ ಅವಳು ಕೇಳಲಿ ಎಂದುಕೊಂಡೆ.

ಅವಳು ಕೇಳಲಿಲ್ಲ. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಭಾವ ಹೋದ ಮೇಲೂ ಅವಳು ತೆಗೆಯದಿದ್ದ ಕೆಂಪು ಗಾಜಿನ ಬಳೆ ಸ್ಟೀಲ್ ತಟ್ಟೆಗೆ ಒರಗಿತ್ತು. ತಟ್ಟೆಯ ಹೊಳಪು ಬಳೆಯ ಒಳಗಿನಿಂದ ಕೆಂಪಾಗಿ ಬರುತ್ತಿತ್ತು. ಸೋಪಿನ ಕೈಯಲ್ಲೇ ಎದ್ದು ಬಂದಳು. "ಕೆಂಪು ಹೊಳೆಯಲ್ಲ ಕಣೋ. ಕೆಳಗಿರೋದು ಹೊಳೀತದೆ. ಕೆಂಪು ಅದಕ್ಕೆ ಅಡ್ಡ ಬರಬಾರ್ದು, ಅಷ್ಟೆ."

ನಾನು ಆಗಷ್ಟೇ ತಿಳಿದುಕೊಂಡವನ ಹಾಗೆ "ಓಹೋ" ಎಂದೆ.

ಅಲ್ಲಿಂದ ಅವಳ ಪದ್ಧತಿ ಬೆಳೆಯಿತು. ಮೊದಲು ಹೊಳೆಯುವ ಕಪ್ಪು. ಅದರ ಮೇಲೆ ತೆಳ್ಳಗೆ ಬೆಳ್ಳಿ. ಆಮೇಲೆ ನೀರಿನಷ್ಟು ತಿಳಿಯಾದ ಕೆಂಪು, ಒಂದರ ಮೇಲೊಂದು ಏಳು ಸಲ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದಿಲ್ಲ. ಒಣಗುವಾಗ ಧೂಳು ಕೂರದಂತೆ ಮೇಲೆ ಅನ್ನ ಬಸಿಯುವ ತೂತಿನ ಪಾತ್ರೆ ಬೋರಲು. ಸಂದಿಗಳಲ್ಲಿ ಕೆಂಪು ನಿಂತರೆ ಕುಂಚದ ತುದಿಯಿಂದ ಹೀರಿ ತೆಗೆಯುತ್ತಿದ್ದಳು. ಅಲ್ಲಿ ನೆರಳಿಗೆ ಒಂದಿಷ್ಟು ನೇರಳೆಗಂದು ಬಿಡುತ್ತಿದ್ದಳು. ಕವಚದ ಅಂಚುಗಳಿಗೆ ಮತ್ತೆ ಕೂದಲೆಳೆಯಷ್ಟು ಬೆಳ್ಳಿ, ಅದರ ಮೇಲೆ ಕೊನೆಯದೊಂದು ಕೆಂಪು. ಮುಗಿದ ಸೈನಿಕನನ್ನು ಕಿಟಕಿಗೆ ಹಿಡಿದರೆ ಎದೆಯ ಒಳಗೆ ಕೆಂಡ ಇಟ್ಟಂತೆ ಕಾಣುತ್ತಿತ್ತು. ಅರವಿಂದ್ ಸಾರ್ ಮೊದಲನೆಯದನ್ನು ಒಯ್ದು ತಮ್ಮ ಗುಂಪಿನವರಿಗೆಲ್ಲ ತೋರಿಸಿದರು.

ಅವರ ಗೆಳೆಯರೊಬ್ಬರು ಒಮ್ಮೆ ಬಂದು, "ಅಕ್ಕಾ, ಎರಡು ಕೋಟ್ ಸಾಕು. ಟೇಬಲ್ ಮೇಲೆ ದೂರದಿಂದ ಯಾರಿಗೂ ಗೊತ್ತಾಗಲ್ಲ, ಬೇಗ ಕೊಡಿ" ಎಂದರು. ಅಕ್ಕ ಅವರ ಡಬ್ಬಿಯನ್ನು ಮುಚ್ಚಿ ಅವರ ಕೈಗೇ ಕೊಟ್ಟಳು. "ದೂರದಿಂದ ನೋಡೋರಿಗೆ ನಾನ್ ಮಾಡಲ್ಲ ಸಾರ್. ಬೇರೆಯೋರ್ನ ನೋಡ್ಕೊಳಿ." ಆ ಮನುಷ್ಯ ಬಾಗಿಲವರೆಗೆ ಹೋಗಿ ವಾಪಸ್ ಬಂದು ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟು ಹೋದರು.

ಹೀಗೆ ವೈಟ್‌ಫೀಲ್ಡಿನವರು ಲಗ್ಗೆರೆಗೆ ಬರತೊಡಗಿದರು. ಬಂದವರು ಬಾಗಿಲಲ್ಲಿ ಕೂತಿದ್ದ ನನ್ನನ್ನು ದಾಟಿ, "ಅಕ್ಕ ಇದ್ದಾರಾ?" ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಬಣ್ಣದಲ್ಲಿ ಮುಳುಗಿದವನು ನಾನು. ನನ್ನನ್ನು ಯಾರೂ ಹಾಗೆ ಹುಡುಕಿಕೊಂಡು ಬಂದಿರಲಿಲ್ಲ.

ಅರವಿಂದ್ ಸಾರ್ ಐದು ಕುದುರೆ ಸವಾರರನ್ನು ತಂದುಕೊಟ್ಟದ್ದು ಆಮೇಲೆ. ಕಾಲೇಜಿನ ದಿನಗಳಿಂದ ಇಟ್ಟುಕೊಂಡಿದ್ದರಂತೆ. ಆ ಅಚ್ಚು ಈಗ ಎಲ್ಲೂ ಸಿಗುವುದಿಲ್ಲವಂತೆ. ಅಕ್ಕ ಬೆಳ್ಳಿಯವರೆಗೆ ಮುಗಿಸಿ, ನೆಂಟರ ಗೃಹಪ್ರವೇಶಕ್ಕೆಂದು ಮೂರು ದಿನ ಮಾಗಡಿಗೆ ಹೋದಳು. "ಯಾವ್ದನ್ನೂ ಮುಟ್ಟಬೇಡ" ಎಂದು ಹೇಳಿಯೇ ಹೋದಳು.

ಮುಟ್ಟಿದೆ. ಶೆಡ್ಡಿನಿಂದ ಉಳಿದ ಕೆಂಪು, ಅದನ್ನು ತೆಳುವಾಗಿಸುವ ಥಿನ್ನರು, ಸಣ್ಣ ಗನ್ನು ಎಲ್ಲ ತಂದೆ. ಅವಳ ಏಳು ದಿನದ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿ ಇಡುತ್ತೇನೆ, ಬಂದು ನೋಡಲಿ ಎಂಬ ಹಟ. ಸಹಾಯ ಮಾಡಲು ಹೋಗಿದ್ದೆ ಎಂದು ಬರೆದರೆ ನಂಬುವವರಿದ್ದಾರೆ. ಬರೆಯುವುದಿಲ್ಲ.

ಒಂದೇ ಪದರಕ್ಕೆ ಎಂಥ ಕೆಂಪು ಬಂತೆಂದರೆ ನಾನೊಬ್ಬನೇ ನಿಂತು ನಕ್ಕೆ. ಅಷ್ಟರಲ್ಲಿ ಮೊದಲನೆಯವನ ಮೂಗು ಮಾಯವಾಯಿತು. ನಾನು ಜೀವಮಾನವಿಡೀ ತಗಡಿಗೆ ಬಣ್ಣ ಹೊಡೆದವನು. ತಗಡು ಥಿನ್ನರನ್ನು ತಡೆಯುತ್ತದೆ, ಈ ಪ್ಲಾಸ್ಟಿಕ್ಕು ಕರಗುತ್ತದೆ ಎಂಬುದು ತಲೆಗೇ ಬಂದಿರಲಿಲ್ಲ. ಬೆಳ್ಳಿ ಸುಕ್ಕಾಗಿ ಎದ್ದಿತು. ಈಟಿಗಳು ಬೆಂದ ಶಾವಿಗೆಯಂತೆ ಬಾಗಿದವು. ಒರೆಸಲು ಹೋದ ಬಟ್ಟೆಗೆ ಮುಖಗಳು ಅಂಟಿಕೊಂಡು ಬಂದವು.

ಅಕ್ಕ ಬಂದಾಗ ಹೇಳಿದೆ, "ಬಿಸಿಲು ಅಕ್ಕಾ. ಮೇಲಿನ ಶೀಟು ಕಾದು ಇವೆಲ್ಲ ಕರಗಿಬಿಟ್ಟಿವೆ."

ಅವಳು ಒಬ್ಬ ಸವಾರನನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ನನ್ನ ಕೈಗಳನ್ನು ನೋಡಿದಳು.

"ಬಿಸ್ಲಾ?"

"ಹೂಂ."

"ಸರಿ ಬಿಡು. ಬಿಸ್ಲು."

ಆ ಭಾನುವಾರ ಅರವಿಂದ್ ಸಾರ್ ಬಂದರು. ನಾನು ಅಡುಗೆಮನೆಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಪರದೆಯ ಹಿಂದೆ ನಿಂತಿದ್ದೆ. ಅಕ್ಕ ಐವರನ್ನೂ ತಟ್ಟೆಯಲ್ಲಿಟ್ಟು ಅವರ ಮುಂದೆ ಸರಿಸಿದಳು.

"ಏನಾಯ್ತಕ್ಕಾ ಇದು?"

"ಹಾಳಾಗವೆ."

"ಹೇಗೆ?"

"ಹೇಗೆ ಅಂತ ಕೇಳ್ಬೇಡಿ ಸಾರ್. ಕಾರಣ ಯೋಳಿದ್ರೆ ಅದು ನೆಪ ಆಗ್ತದೆ. ನನ್ನನ್ನ ನಂಬಿ ಕೊಟ್ರಿ, ನನ್ನ ಮನೇಲಿ ಹಾಳಾದ್ವು. ಅಂದ್ಮೇಲೆ ನಂದೇ."

"ಥಿನ್ನರ್ ಹಾಕಿದ್ರಾ ಅಕ್ಕಾ? ಬೇಗ ಮುಗಿಸೋಕೆ?"

ಅಕ್ಕ ಅಲ್ಲ ಎನ್ನದೆ, ತಟ್ಟೆಯಲ್ಲಿ ಉರುಳಿದ್ದ ಸವಾರನೊಬ್ಬನನ್ನು ಎತ್ತಿ ನಿಲ್ಲಿಸಿದಳು. ಬೇಗ ಮುಗಿಸುವವಳು ಎಂಬ ಮಾತಿನಷ್ಟು ದೊಡ್ಡ ಬೈಗುಳ ಅವಳಿಗೆ ಬೇರೊಂದಿರಲಿಲ್ಲ. ಆ ಪರದೆ ಸರಿಸಲು ನನಗೆ ಒಂದೇ ಹೆಜ್ಜೆ ಬೇಕಿತ್ತು. ಕಾಫಿ ಆರಿಹೋಯಿತು. ಅವರು ಕುಡಿಯದೆ ಎದ್ದು ಹೋದರು, ಸವಾರರನ್ನೂ ಒಯ್ಯಲಿಲ್ಲ. ಸುದ್ದಿ ಆ ಗುಂಪಿನಲ್ಲೆಲ್ಲ ಹರಡಿತು. ಲಗ್ಗೆರೆಗೆ ಆಮೇಲೆ ಯಾರೂ ಬರಲಿಲ್ಲ.

ಅವಳು ಕುಂಚ ಕೆಳಗಿಡುತ್ತಾಳೆ ಎಂದುಕೊಂಡಿದ್ದೆ. ಇಡಲಿಲ್ಲ. ಆ ಐವರ ಸುಕ್ಕನ್ನೆಲ್ಲ ಉಜ್ಜಿ ತೆಗೆದು, ಮತ್ತೆ ಕಪ್ಪಿನಿಂದ ಶುರು ಮಾಡಿ, ಮತ್ತೆ ಏಳು ಪದರ ಹಚ್ಚಿದಳು. ಯಾರೂ ಕೇಳದಿದ್ದರೂ ಹಚ್ಚಿದಳು. ಮುಖವಿಲ್ಲದ ಐದು ಕೆಂಪು ಸವಾರರು ಟೀವಿಯ ಪಕ್ಕ ಸಾಲಾಗಿ ನಿಂತರು. ಗೌರಮ್ಮ ನೋಡಿ, "ಅಯ್ಯೋ, ಮುಖಾನೇ ಇಲ್ವಲ್ಲೇ ಇವಕ್ಕೆ" ಎಂದರು. "ಮುಖ ನನ್ ಕೆಲ್ಸ ಅಲ್ಲ ಗೌರಮ್ಮ. ಕವಚ ಎಂಗದೆ ಯೋಳಿ" ಎಂದಳು ಅಕ್ಕ. ಅದಕ್ಕಿಂತ ಒಳ್ಳೆಯ ಕೆಂಪನ್ನು ಅವಳು ಮೊದಲು ಮಾಡಿರಲಿಲ್ಲ. ನಾನು ದಿನಾ ಅದರೆದುರು ಕೂತು ಊಟ ಮಾಡಿದೆ.

ಒಂದೇ ಒಂದು ಸಲ ಚುಚ್ಚಿದ್ದಳು. ಮರುವರ್ಷದ ಏಪ್ರಿಲ್‌ನಲ್ಲಿ ಹೊರಗೆ ಹೊರಟವಳು ಬಾಗಿಲಲ್ಲಿ ತಿರುಗಿ, "ಬಿಸ್ಲು ಜಾಸ್ತಿ ಅಂತೆ. ನೀನೇನೂ ಮುಟ್ಟಬೇಡ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಹೋದ ವರ್ಷ ಅಕ್ಕನಿಗೆ ಡೆಂಗಿ ಜ್ವರ ಬಂತು. ಐದನೇ ದಿನ ಆಸ್ಪತ್ರೆಯ ವಾರ್ಡಿನಲ್ಲಿ, ಇಡ್ಲಿ ತಂದವನು ಅವಳ ಪಕ್ಕ ಕೂತು, "ಅಕ್ಕಾ, ಆ ಕುದುರೆ ಸವಾರರು" ಎಂದು ಶುರು ಮಾಡಿದೆ.

"ಯೋಳ್ಬೇಡ" ಎಂದಳು. ಕಣ್ಣು ಮುಚ್ಚಿಯೇ ಇತ್ತು. "ನೀನು ಯೋಳಿದ್ರೆ ನಾನು ಪರ್ವಾಗಿಲ್ಲ ಬಿಡು ಅನ್ಬೇಕಾಗ್ತದೆ. ಪರ್ವಾಗಿಲ್ಲ ಅನ್ನೋ ಮಾತಲ್ಲ ಅದು."

ಅವಳು ತಡೆದಳು, ತಡೆದದ್ದು ನನಗೆ ಹಿತವಾಯಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ. ಇಡ್ಲಿ ಅರ್ಧ ತಿಂದು, "ಚಟ್ನಿಗೆ ಉಪ್ಪಿಲ್ಲ" ಎಂದಳು. ಮಾರನೇ ದಿನ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಭಾನುವಾರ ಮೆಟ್ರೋ ಹತ್ತಿ ವೈಟ್‌ಫೀಲ್ಡಿಗೆ ಹೋದೆ. ಕ್ಷಮೆ ಕೇಳಲು ಹೋಗಲಿಲ್ಲ. ಕ್ಷಮಿಸಬೇಕಾದವಳೇ ಒಲ್ಲೆ ಎಂದ ಮೇಲೆ ಅದನ್ನು ಬೇರೆಯವರ ಹತ್ತಿರ ಕೇಳುವುದು ಎಂಥದು. ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಮೇಜಿನ ಸುತ್ತ ನಿಂತಿದ್ದರು. ಗೋಡೆಗೆ ಒಂದು ಗಾಜಿನ ಬೀರು. ಒಳಗೆ ಅಕ್ಕ ಮಾಡಿದ ಸೈನಿಕರು, ಪ್ರತಿಯೊಬ್ಬನ ಕೆಳಗೂ ಯಾರು ಕೊಂಡರೋ ಅವರ ಹೆಸರಿನ ಚೀಟಿ. ಬಣ್ಣ ಹಚ್ಚಿದವಳ ಹೆಸರು ಎಲ್ಲೂ ಇರಲಿಲ್ಲ.

ಆಟ ನಿಲ್ಲಿಸಿ ಎಂದೆ. ನಿಲ್ಲಿಸಿದರು. ಆ ಐವರನ್ನು ಕರಗಿಸಿದ್ದು ನಾನು, ಥಿನ್ನರ್ ನನ್ನದು, ಅಕ್ಕ ಊರಲ್ಲೇ ಇರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಅರವಿಂದ್ ಸಾರ್ ಕೈಯಲ್ಲಿದ್ದ ಸೈನಿಕನನ್ನು ಮೇಜಿನ ಮೇಲಿಟ್ಟರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು ಸಾರ್. ಹೆದರಿಕೆ ಆಮೇಲೆ ಬಂತು."

"ಬಿಡಿ ಅಣ್ಣ, ಹಳೇ ಕಥೆ" ಎಂದ ಒಬ್ಬ.

"ನಿಮಗೆ ಹಳೇದು. ಬೀರುವಿನ ಮೇಲೆ ಅವಳ ಹೆಸರು ಹಾಕಿ."

ಆಗಲಿ, ಪ್ರಿಂಟ್ ಮಾಡಿಸಿ ಹಾಕುತ್ತೇವೆ ಎಂದರು ಅರವಿಂದ್ ಸಾರ್. ಅವರ ದನಿಯಲ್ಲಿ ಕಪಟವಿರಲಿಲ್ಲ. ಆದರೆ ಇನ್ನೊಂದು ದಿನ ಕಾಯಲು ನನ್ನ ಕೈಲಾಗಲಿಲ್ಲ. ಜೇಬಿನಲ್ಲಿ ಕೆಲಸದ ಮಾಸ್ಕಿಂಗ್ ಟೇಪ್ ಇತ್ತು. ಒಂದು ಉದ್ದ ಹರಿದು ಗಾಜಿಗೆ ಅಂಟಿಸಿ, ಯಾರದೋ ಪೆನ್ನು ತೆಗೆದುಕೊಂಡು, ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆದೆ: ಬಣ್ಣ, ಸರೋಜಮ್ಮ, ಲಗ್ಗೆರೆ.

"ಆ ಟೇಪ್ ನಿಲ್ಲಲ್ಲ ಅಣ್ಣಾ, ಎಸಿ ಗಾಳಿಗೆ ಬಿದ್ದೋಗುತ್ತೆ" ಎಂದರು ಅರವಿಂದ್ ಸಾರ್.

"ಬಿದ್ರೆ ಮತ್ತೆ ಬಂದು ಅಂಟಿಸ್ತೀನಿ."

ಈವರೆಗೆ ಮೂರು ಸಲ ಹೋಗಿ ಅಂಟಿಸಿ ಬಂದಿದ್ದೇನೆ.